ಜೋಲಿಗೊಂದು ಸಾಪೇಕ್ಷತಾ ಸಿದ್ಧಾಂತ

ಏನೂ ಮಾಡದೆ ಕುಳಿತವರಿಗೆ ಸುಸ್ತಾಗುವುದಿಲ್ಲ ಎಂದು ಜನ ನಂಬಿದ್ದಾರೆ. ನನ್ನ ಹೆಂಡತಿ ಪಾರ್ವತಿಯಂತೂ ಬಲವಾಗಿ ನಂಬಿದ್ದಾಳೆ. ಕುರ್ಚಿ ಬಿಟ್ಟೇಳದವರಿಗೆ ಅದೆಂಥ ಸುಸ್ತು ಎಂದು ನಾನು ನಿವೃತ್ತನಾದಾಗಿನಿಂದ ಕೇಳುತ್ತಲೇ ಇದ್ದಾಳೆ. ಇದಕ್ಕೆ ನನ್ನ ಹತ್ತಿರ ಉತ್ತರವಿದೆ. ಅದೂ ಹಾರಿಕೆಯ ಉತ್ತರವಲ್ಲ, ಭೌತಶಾಸ್ತ್ರದ ಉತ್ತರ. ಸಾಪೇಕ್ಷತಾ ಸಿದ್ಧಾಂತವನ್ನು ಸರಿಯಾಗಿ ಓದಿಕೊಂಡರೆ ನಮ್ಮ ನಡುವೆ ನಿಜವಾದ ವಿಶ್ರಾಂತಿಯಲ್ಲಿರುವವನು ಎಂದರೆ ಮರದ ಕೊಂಬೆಯಿಂದ ಕೈಜಾರಿ ಬೀಳುತ್ತಿರುವವನು. ನೆಲ ಮುಟ್ಟುವವರೆಗೆ ಅವನಿಗೆ ತನ್ನ ತೂಕವೇ ತಿಳಿಯುವುದಿಲ್ಲ. ಅವನನ್ನು ಯಾರೂ ತಳ್ಳುತ್ತಿಲ್ಲ, ಯಾರೂ ಒತ್ತುತ್ತಿಲ್ಲ. ಕುರ್ಚಿಯಲ್ಲಿ ಕುಳಿತವನ ಪಾಡು ಹಾಗಲ್ಲ. ಅವನನ್ನು ಕುರ್ಚಿ ಮೇಲಕ್ಕೆ ತಳ್ಳುತ್ತದೆ, ಕುರ್ಚಿಯನ್ನು ನೆಲ ತಳ್ಳುತ್ತದೆ, ನೆಲದ ಬೆನ್ನಿಗೆ ಇಡೀ ಭೂಮಿಯೇ ನಿಂತು ಒತ್ತುತ್ತಿರುತ್ತದೆ. ಅಂದರೆ ಕುಳಿತವನು ಕುಳಿತಲ್ಲೇ ಸದಾ ವೇಗ ಬದಲಾಯಿಸಿಕೊಳ್ಳುತ್ತಿರುತ್ತಾನೆ, ನೋಡುವವರಿಗೆ ಕಾಣುವುದಿಲ್ಲ ಅಷ್ಟೇ. ಇಂಥ ದುಡಿಮೆಗೆ ಸುಸ್ತಾಗದೆ ಇರುತ್ತದೆಯೇ? ಇದನ್ನೆಲ್ಲ ಪಾರ್ವತಿಗೆ ಬಿಡಿಸಿ ಹೇಳಿದೆ. ಹಾಗಾದರೆ ಹಿತ್ತಲಿನ ಹುಣಿಸೆಮರ ಹತ್ತಿ ಬಿದ್ದು ಒಂದಿಷ್ಟು ವಿಶ್ರಾಂತಿ ತೆಗೆದುಕೊಳ್ಳಿ, ಬರುವಾಗ ನಾಲ್ಕು ಹಣ್ಣು ಉದುರಿಸಿಕೊಂಡು ಬನ್ನಿ ಎಂದಳು.

ನಾನು ಹೊಸೂರಿನ ಹತ್ತಿರ, ತಮಿಳು ಗಡಿಯ ಬೇರಿಕೆಯವನು. ಇಲ್ಲೇ ಸುತ್ತಮುತ್ತಲ ಸರ್ಕಾರಿ ಶಾಲೆಗಳಲ್ಲಿ ಪ್ಲಸ್ ಒನ್, ಪ್ಲಸ್ ಟೂ ಮಕ್ಕಳಿಗೆ ಭೌತಶಾಸ್ತ್ರ ಹೇಳಿ ಹೇಳಿ ತಲೆ ನೆರೆಸಿಕೊಂಡವನು. ಪುಸ್ತಕ ಒಂದು ಭಾಷೆಯಲ್ಲಿರುತ್ತಿತ್ತು, ಮಕ್ಕಳು ಮನೆಯಲ್ಲಿ ಇನ್ನೊಂದನ್ನು ಆಡುತ್ತಿದ್ದರು, ನಾನು ಕನ್ನಡ ತಮಿಳು ತೆಲುಗು ಮೂರನ್ನೂ ಕಲಸಿ ಉಣಬಡಿಸುತ್ತಿದ್ದೆ. ಅದರಲ್ಲೂ ಚೌಕಟ್ಟುಗಳ ಪಾಠವೆಂದರೆ ನನಗೆ ಪ್ರಾಣ. ಚೌಕಟ್ಟು ಎಂದರೆ ಫೋಟೋಗೆ ಹಾಕಿಸುವುದಲ್ಲ, ನಾವು ಎಲ್ಲಿ ನಿಂತು ಲೋಕದ ಓಡಾಟವನ್ನು ಅಳೆಯುತ್ತೇವೋ ಆ ಜಾಗ. ನುಣ್ಣನೆಯ ರಸ್ತೆಯಲ್ಲಿ ಒಂದೇ ವೇಗದಲ್ಲಿ ನೇರ ಹೋಗುವ ಬಸ್ಸಿನಲ್ಲಿ ಕಿಟಕಿ ಮುಚ್ಚಿಕೊಂಡು ಕುಳಿತರೆ, ಬಸ್ಸು ಹೋಗುತ್ತಿದೆಯೋ ನಿಂತಿದೆಯೋ ಯಾವ ಪಂಡಿತನಿಂದಲೂ ಹೇಳಲಾಗದು. ಡ್ರೈವರು ಬ್ರೇಕ್ ಒತ್ತಿದನೋ, ಎಳೆಗೂಸಿಗೂ ಗೊತ್ತಾಗುತ್ತದೆ. ಒಂದೇ ಸಮನೆ ಹೋಗುವುದಕ್ಕೂ ಸುಮ್ಮನೆ ನಿಂತಿರುವುದಕ್ಕೂ ವ್ಯತ್ಯಾಸವಿಲ್ಲ. ವೇಗ ಬದಲಾಗುವುದು ಮಾತ್ರ ಮೈಗೆ ತಾಗುತ್ತದೆ. ಅದಕ್ಕೆ ವೇಗೋತ್ಕರ್ಷ ಎಂದು ಹೆಸರು. ಈ ಪಾಠ ಮಾಡುವಾಗ ನನಗೆ ಮೈಮೇಲೆ ಬಂದ ಹಾಗಾಗುತ್ತಿತ್ತು. ಮಕ್ಕಳಲ್ಲಿ ಬಹಳಷ್ಟು ಮಂದಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಊಟವಾದ ಮೇಲಿನ ಪೀರಿಯಡ್ಡು, ಹೊಟ್ಟೆ ತುಂಬಿರುತ್ತದೆ, ಬಿಡು ಎಂದುಕೊಳ್ಳುತ್ತಿದ್ದೆ.

ಇಷ್ಟು ಓದಿಕೊಂಡವನ ಮನೆಗೆ ಮಗಳು ಮಂಜುಳಾ ಬಾಣಂತನಕ್ಕೆ ಬಂದಳು. ಮಂಜುಳಾ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಲೈನಿನಲ್ಲಿ ತಯಾರಾಗಿ ಬರುವ ಬಿಡಿಭಾಗಗಳನ್ನು ಪರೀಕ್ಷಿಸಿ ಸರಿಯಿಲ್ಲದ್ದನ್ನು ಎತ್ತಿಡುವ ಕೆಲಸ. ಎಷ್ಟೋ ವರ್ಷ ಕಾಂಟ್ರಾಕ್ಟಿನಲ್ಲಿ ದುಡಿದು, ಹೆರಿಗೆಗೆ ಸ್ವಲ್ಪ ಮುಂಚೆಯಷ್ಟೇ ಪರ್ಮನೆಂಟ್ ಆಗಿದ್ದಳು. ಆ ಆರ್ಡರ್ ಬಂದ ದಿನ ಅವಳು ಅತ್ತಷ್ಟು ಮದುವೆಯ ದಿನವೂ ಅತ್ತಿರಲಿಲ್ಲ. ಹೆಣ್ಣುಕೂಸು ಹುಟ್ಟಿತು, ಚಿನ್ನಿ ಎಂದು ಕರೆದೆವು. ಯುಗಾದಿ ಕಳೆದರೆ ರಜೆ ಮುಗಿಯುತ್ತದೆ, ಚಿನ್ನಿಯನ್ನೂ ಕರೆದುಕೊಂಡು ಹೋಗಿ ಕಂಪನಿಯವರೇ ನಡೆಸುವ ಕೂಸಿನ ಕೋಣೆಯಲ್ಲಿ ಬಿಟ್ಟು ಕೆಲಸಕ್ಕೆ ಸೇರುವುದೆಂದು ಲೆಕ್ಕ. ಎಲ್ಲವೂ ಸರಿಯಾಗಿತ್ತು, ಚಿನ್ನಿಯೊಬ್ಬಳನ್ನು ಬಿಟ್ಟು.

ಚಿನ್ನಿ ಜೋಲಿಯಲ್ಲಲ್ಲದೆ ಮಲಗಳು. ನಮ್ಮ ಕಡೆ ಅಜ್ಜಿಯ ಹಳೆಯ ನೂಲಿನ ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ಮಾಡುತ್ತಾರೆ. ಈಗೀಗ ತೊಲೆಯ ಕೊಂಡಿಗೂ ಸೀರೆಯ ಗಂಟಿಗೂ ನಡುವೆ ಕಬ್ಬಿಣದ ಸ್ಪ್ರಿಂಗೊಂದನ್ನು ಸಿಕ್ಕಿಸುತ್ತಾರೆ; ಜೋಲಿಗೆ ಕಟ್ಟಿದ ಹಗ್ಗವನ್ನು ಒಂದು ಸಲ ಎಳೆದು ಬಿಟ್ಟರೆ ಕೂಸು ಮೇಲೆ ಕೆಳಗೆ ಕುಣಿಯುತ್ತದೆ, ಪಕ್ಕಕ್ಕೂ ತೂಗುತ್ತದೆ. ಜೋಲಿ ಆಡುತ್ತಿದ್ದರೆ ಚಿನ್ನಿ ದೇವತೆ. ನಿಂತಿತೋ, ಕಿಟಾರನೆ ಕಿರುಚಿ ಕೇರಿಯನ್ನೆಲ್ಲ ಕೂಡಿಸುತ್ತಾಳೆ. ಚಾಪೆಯ ಮೇಲೆ ಹಾಕಿದರೆ ಬೆನ್ನಿಗೆ ಮುಳ್ಳು ಚುಚ್ಚಿದ ಹಾಗೆ ಬಿಲ್ಲಾಗುತ್ತಾಳೆ. ಪಾರ್ವತಿಗೆ ಆಗಲೇ ಬಲಭುಜ ಹಿಡಿದುಕೊಂಡಿತ್ತು. ಕೈಯನ್ನು ಮೇಲೆತ್ತಲು ಆಗದು, ಆ ಮಗ್ಗುಲಿಗೆ ಹೊರಳಿ ಮಲಗಲೂ ಆಗದು. ಮಂಜುಳಾ ಹಸಿ ಬಾಣಂತಿ. ಹೀಗೆ ಜೋಲಿಯ ಹಗ್ಗ ನನ್ನ ಕೈಗೆ ಬಂತು. ಬೆಳಗಿನ ಎಳೆನಿದ್ದೆ, ಮಧ್ಯಾಹ್ನದ ದೊಡ್ಡ ನಿದ್ದೆ, ಸಂಜೆಯ ತೂಕಡಿಕೆ ಎಲ್ಲವೂ ನನ್ನ ಪಾಲಿಗೆ. ಕುಳಿತು ಸುಸ್ತಾಗುತ್ತಿದ್ದವನು ಈಗ ತೂಗಿ ಸುಸ್ತಾಗತೊಡಗಿದೆ. ಅದು ಎಂಥ ಸುಸ್ತೆಂದರೆ, ಅನ್ನಕ್ಕೆ ಕೈ ಹಾಕಿದರೂ ಕೈ ತಾನಾಗಿ ತಟ್ಟೆಯನ್ನು ಹಿಂದೆ ಮುಂದೆ ಆಡಿಸುತ್ತಿತ್ತು.

ಆದರೆ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ತೂಗುತ್ತಾ ತೂಗುತ್ತಾ ನನಗೆ ಒಂದು ವಿಷಯ ಹೊಳೆದು ರೋಮಾಂಚನವಾಯಿತು. ಚಿನ್ನಿಗೆ ಬೇಕಾಗಿರುವುದು ಚಲನೆಯಲ್ಲ, ವೇಗೋತ್ಕರ್ಷ! ಜೋಲಿ ಎಷ್ಟೇ ಓರೆಯಾದರೂ ಕೂಸು ಒಂದು ಮೂಲೆಗೆ ಜಾರುವುದಿಲ್ಲ, ಗಮನಿಸಿದ್ದೀರಾ? ಜೋಲಿಯ ಒಳಗಿರುವವಳಿಗೆ ಕೆಳಗೆ ಎಂದರೆ ಯಾವಾಗಲೂ ಬಟ್ಟೆಯ ಕಡೆಯೇ. ಓರೆಯಾಗಿದ್ದೇನೆಂದು ಅವಳಿಗೆ ತಿಳಿಯುವುದೇ ಇಲ್ಲ, ತೂಕ ಒಂದಿಷ್ಟು ಹೆಚ್ಚಾಗಿ ಒಂದಿಷ್ಟು ಕಡಿಮೆಯಾಗುತ್ತದೆ ಅಷ್ಟೇ. ಅವಳ ಚೌಕಟ್ಟಿನಲ್ಲಿ ಅವಳು ಸುಮ್ಮನೆ ಮಲಗಿದ್ದಾಳೆ, ಓಲಾಡುತ್ತಿರುವವನು ತಾತ. ಪ್ಲಸ್ ಒನ್ ಮಕ್ಕಳು ಕೇಳದ ಪಾಠಕ್ಕೆ ಈಗ ಒಬ್ಬಳು ಸಿಕ್ಕಿದಳಲ್ಲ ಎಂದು ನಾನು ಹಗ್ಗ ಹಿಡಿದಾಗಿನಿಂದಲೂ ಎಳೆಯುತ್ತಾ ಎಲ್ಲವನ್ನೂ ಅವಳಿಗೇ ಹೇಳುತ್ತಿದ್ದೆ. ಅವಳೂ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

ನನ್ನ ಸಿದ್ಧಾಂತಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು ಬಸ್ಸಿನಲ್ಲಿ. ಚಿನ್ನಿಗೆ ಲಸಿಕೆ ಹಾಕಿಸಲು ನಾನು, ಪಾರ್ವತಿ, ಮಂಜುಳಾ ಹೊಸೂರಿಗೆ ಹೊರಟೆವು. ಬೇರಿಕೆಯಿಂದ ಹೊರಟ ಮೇಲೆ ಒಂದಷ್ಟು ದೂರ ರಸ್ತೆ ಕಿತ್ತುಹೋಗಿತ್ತು. ಟೊಮೆಟೊ ತುಂಬಿದ ಕ್ರೇಟುಗಳೂ ನಾವೂ ಒಟ್ಟಿಗೆ ಎಗರಿ ಬೀಳುತ್ತಿದ್ದೆವು. ಚಿನ್ನಿ ನನ್ನ ಮಡಿಲಲ್ಲಿ ಗಾಢನಿದ್ದೆ. ನಾನು ಪಕ್ಕದಲ್ಲಿದ್ದ ರೈತರೊಬ್ಬರಿಗೆ ಹಳ್ಳಕ್ಕೂ ನಿದ್ದೆಗೂ ಇರುವ ಸಂಬಂಧವನ್ನು ವಿವರಿಸುತ್ತಾ ಬಂದೆ. ಹೊಸೂರು ಹತ್ತಿರವಾಗುತ್ತಿದ್ದಂತೆ ಹೊಸ ಡಾಂಬರು ಸಿಕ್ಕಿತು, ಬಸ್ಸು ಎಣ್ಣೆಯ ಮೇಲೆ ಜಾರಿದಂತೆ ಒಂದೇ ಸಮನೆ ಹೋಗತೊಡಗಿತು. ಅಷ್ಟರಲ್ಲಿ ಆ ರೈತರು ಇಳಿದುಹೋದರು, ನಾನು ಮಾತು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಾ ಕುಳಿತೆ. ಚಿನ್ನಿ ಎದ್ದು ಬಾಯಿಬಿಟ್ಟಳು ನೋಡಿ, ಕಂಡಕ್ಟರ್ ಕೂಡ ಟಿಕೆಟ್ ಕೊಡುವುದನ್ನು ಬಿಟ್ಟು ಓಡಿಬಂದ. ನನಗೆ ಮಾತ್ರ ಒಳಗೊಳಗೇ ಹಿಗ್ಗು. ಸಮವೇಗವೂ ನಿಶ್ಚಲತೆಯೂ ಒಂದೇ ಎಂದು ಪುಸ್ತಕ ಹೇಳುವುದನ್ನು ಒಂದು ಕೂಸು ಅತ್ತು ಸಾಬೀತು ಮಾಡಿತ್ತು. ನೋಡಿದೆಯಾ ಎಂದು ಪಾರ್ವತಿಯ ಕಡೆ ತಿರುಗಿದೆ. ಅವಳು ನೋವಿನ ಭುಜವನ್ನು ಹಿಡಿದುಕೊಂಡು ಕಣ್ಣಲ್ಲೇ ನನ್ನನ್ನು ಸುಟ್ಟಳು.

ಲಸಿಕೆ ಮುಗಿಸಿ ಹಾಗೆಯೇ ಕಂಪನಿಯ ಕೂಸಿನ ಕೋಣೆಯನ್ನು ನೋಡಿಕೊಂಡು ಬಂದೆವು. ಅಚ್ಚುಕಟ್ಟಾದ ಕೋಣೆ, ಸಾಲಾಗಿ ಪುಟ್ಟ ಮಂಚಗಳು. ಮೇಲೆ ನೋಡಿದೆ. ಹಲಗೆ ಹಲಗೆಯ ಬಿಳಿ ಸೀಲಿಂಗು. ತೊಲೆಯಿಲ್ಲ, ಕೊಂಡಿಯಿಲ್ಲ, ಜೋಲಿ ಕಟ್ಟುವ ಮಾತೇ ಇಲ್ಲ. ಅಲ್ಲಿ ನೋಡಿಕೊಳ್ಳುವ ಆಯಾ ಒಳ್ಳೆಯ ಹೆಂಗಸು. ತಮಿಳಿನಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸಿದರು: ಇಷ್ಟೊಂದು ಮಕ್ಕಳಿಗೆ ನಾವಿರುವುದು ಇಬ್ಬರು, ಒಂದು ಕೂಸು ಮಂಚದಲ್ಲಿ ಮಲಗದೆ ಕಿರುಚಿದರೆ ಮಿಕ್ಕವೂ ಏಳುತ್ತವೆ, ಅಂಥದ್ದನ್ನು ಇಟ್ಟುಕೊಳ್ಳಲಾಗದು, ಮನೆಯಲ್ಲೇ ಅಭ್ಯಾಸ ಮಾಡಿಸಿ ಕರೆತನ್ನಿ. ಮಂಜುಳಾ ಬಾಗಿಲ ಬಳಿಯೇ ನಿಂತಿದ್ದಳು. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಕೆಲ್ಸ ಬುಟ್ಬುಡ್ತೀನಿ ಕಣಪ್ಪಾ, ಇನ್ನೇನ್ ಮಾಡಕಾಯ್ತದೆ" ಎಂದಳು. ಪಕ್ಕದ ಮನೆಯವರ ವಿಷಯ ಹೇಳುವಂತೆ ಹೇಳಿದಳು.

ಅಳಿಯ ಗೋಪಿ ಸುಮ್ಮನಿರುವವನಲ್ಲ. ಬ್ಯಾಟರಿಯಲ್ಲಿ ತಾನಾಗಿ ತೂಗುವ ತೊಟ್ಟಿಲೊಂದನ್ನು ತಂದ; ಅದಕ್ಕೆ ತೊಲೆ ಬೇಡ, ಕೊಂಡಿ ಬೇಡ, ಕಂಪನಿಯವರೂ ಬೇಡ ಎನ್ನಲಾರರು. ಚಿನ್ನಿಯನ್ನು ಅದರಲ್ಲಿ ಮಲಗಿಸಿ ಸ್ವಿಚ್ ಒತ್ತಿದ. ನಾನು ಉಸಿರು ಬಿಗಿಹಿಡಿದು, ಅದರ ಓಲಾಟವೂ ನನ್ನ ಜೋಲಿಯ ಓಲಾಟವೂ ಒಂದೇ ಇದೆಯೇ ಎಂದು ಗಡಿಯಾರ ನೋಡುತ್ತಾ ಪಕ್ಕದಲ್ಲಿ ಕುಳಿತೆ. ಹೆಚ್ಚು ಕಡಿಮೆ ಒಂದೇ ಇತ್ತು. ಆದರೂ ಚಿನ್ನಿ ಅಳುತ್ತಲೇ ಇದ್ದಳು. ಗೋಪಿ ವೇಗ ಹೆಚ್ಚಿಸಿದ, ಕಡಿಮೆ ಮಾಡಿದ, ತಿರುಗಿಸಿ ಇಟ್ಟ. ಕಡೆಗೆ ಬೆವರು ಒರೆಸಿಕೊಂಡು, "ಮಾಮಾ, ಇದ್ಕೆ ನೀವೇ ಬೇಕು" ಎಂದ. ಅದನ್ನು ನಾನು ನನ್ನ ಕೈಚಳಕಕ್ಕೆ ಸಂದ ಹೊಗಳಿಕೆ ಎಂದುಕೊಂಡೆ. ಮೋಟಾರಿನ ಚಲನೆಗೂ ಲೋಲಕದ ಚಲನೆಗೂ ಇರುವ ಸೂಕ್ಷ್ಮ ವ್ಯತ್ಯಾಸದ ಬಗ್ಗೆ ಅವನಿಗೆ ಹೇಳತೊಡಗಿದೆ. ಚಿನ್ನಿ ಕ್ರಮೇಣ ಸುಮ್ಮನಾದಳು. ಅತ್ತು ದಣಿದಳು ಪಾಪ ಎಂದುಕೊಂಡೆವು.

ಯುಗಾದಿ ಹತ್ತಿರವಾದಂತೆ ನನ್ನ ಚಿಂತೆ ಆಳಕ್ಕೆ ಇಳಿಯಿತು. ವೇಗೋತ್ಕರ್ಷ ಕೂಸಿಗೆ ತಾಗುತ್ತದೆ, ಸರಿ. ಆದರೆ ಯಾವುದಕ್ಕೆ ಹೋಲಿಸಿ? ನೀರಿನ ಬಕೆಟ್ಟನ್ನು ಹಗ್ಗದಲ್ಲಿ ತೂಗುಹಾಕಿ, ಹಗ್ಗಕ್ಕೆ ಹುರಿ ಹಾಕಿ ತಿರುಗಲು ಬಿಟ್ಟರೆ ನೀರು ಅಂಚಿಗೆ ಏರಿ ನಡುವೆ ಗುಳಿ ಬೀಳುತ್ತದೆ. ತಾನು ತಿರುಗುತ್ತಿದ್ದೇನೆಂದು ನೀರಿಗೆ ಹೇಳಿದವರು ಯಾರು? ಖಾಲಿ ಆಕಾಶವೇ ಹೇಳುತ್ತದೆ ಎಂದ ಒಬ್ಬ ಹಿಂದಿನ ಕಾಲದ ವಿಜ್ಞಾನಿ. ಅಲ್ಲ, ದೂರದ ನಕ್ಷತ್ರಗಳೆಲ್ಲ ಸೇರಿ ಹೇಳುತ್ತವೆ ಎಂದ ಇನ್ನೊಬ್ಬ. ದೇಶವೂ ಕಾಲವೂ ಒಂದೇ ನೇಯ್ಗೆ, ಆ ನೇಯ್ಗೆಯಲ್ಲಿ ನೇರ ದಾರಿ ಬಿಟ್ಟವರಿಗೆಲ್ಲ ಒತ್ತಡ ತಾಗಿಯೇ ತಾಗುತ್ತದೆ ಎಂದ ಮತ್ತೊಬ್ಬ. ನಕ್ಷತ್ರದವನ ಮಾತು ನಿಜವಾದರೆ, ಜೋಲಿಯನ್ನು ನಿಲ್ಲಿಸಿ ಬ್ರಹ್ಮಾಂಡವನ್ನೇ ತೂಗಿದರೂ ಚಿನ್ನಿಗೆ ನಿದ್ದೆ ಬರಬೇಕು. ಇದನ್ನು ನಾನು ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಪಾರ್ವತಿಗೆ ಬಹಳ ಗಂಭೀರವಾಗಿ ಹೇಳಿದೆ. ಅವಳು ಎಡಗೈಯಲ್ಲೇ ಕೊಡ ಇಳಿಸಿ, "ಬ್ರಹ್ಮಾಂಡ ತೂಗಕ್ಕೆ ಆಳು ಇಡ್ತೀರೋ ನೀವೇ ತೂಗ್ತೀರೋ ಆಮ್ಯಾಕೆ ನೋಡಣ. ಈಗ ಕೂಸು ಎದ್ದೈತೆ, ಹೋಗಿ ಹಗ್ಗ ಹಿಡ್ಕಳ್ರಿ" ಎಂದಳು.

ಹೋಗಿ ಹಗ್ಗ ಹಿಡಿದೆ. ಮಂಜುಳಾ ಅಲ್ಲೇ ಗೋಡೆಗೊರಗಿ ಫೋನಿನಲ್ಲಿ ಮೇಲಿನವರಿಗೆ ರಾಜೀನಾಮೆಯ ವಿಷಯ ಹೇಗೆ ಬರೆಯುವುದೆಂದು ಅಕ್ಷರ ಒತ್ತುತ್ತಾ ಅಳಿಸುತ್ತಾ ಕುಳಿತಿದ್ದಳು. ಅದನ್ನು ನೋಡಲಾರದೆ ನಾನು ಮಾಮೂಲಿಗಿಂತ ಜೋರಾಗಿ ಎಳೆದಿರಬೇಕು. ಹಳೆಯ ಸ್ಪ್ರಿಂಗು ಬಾಯಿಬಿಟ್ಟು ಜಗ್ಗತೊಡಗಿತು, ಜೋಲಿ ಕೆಳಗೆ ಕೆಳಗೆ ಬಂತು. ಗಾಬರಿಯಿಂದ ಎರಡು ಕೈಯಲ್ಲೂ ಹಿಡಿದು ಚಿನ್ನಿಯನ್ನು ಸೀರೆಯ ಸಮೇತ ಚಾಪೆಯ ಮೇಲೆ ಇಳಿಸಿದೆ. ಏನೂ ಆಗಿರಲಿಲ್ಲ, ಪುಣ್ಯ. ಮಂಜುಳಾ ಓಡಿಬಂದಳು. ಹೆದರಿದಾಗ ಕೆಲವರು ದೇವರ ನಾಮ ಹೇಳುತ್ತಾರೆ, ನಾನು ಪಾಠ ಹೇಳುತ್ತೇನೆ. ಸ್ಪ್ರಿಂಗು ತಾಳುವ ಮಿತಿ ಏನು, ಅದು ಪೂರ್ತಿ ಕಳಚಿದ್ದರೆ ಬೀಳುವಷ್ಟು ಹೊತ್ತು ಚಿನ್ನಿಗೆ ತೂಕವೇ ಇರುತ್ತಿರಲಿಲ್ಲ, ಹಗ್ಗ ಕಡಿದ ಲಿಫ್ಟಿನೊಳಗಿರುವವನಿಗೂ ಹೀಗೇ, ಎಂದು ಒಂದೇ ಸಮನೆ ಹೇಳುತ್ತಲೇ ಹೋದೆ. ಎಷ್ಟು ಹೊತ್ತು ಹೇಳಿದೆನೋ. ಕೊಡ ಒಳಗಿಡಲು ಬಂದ ಪಾರ್ವತಿ ಬಾಗಿಲಲ್ಲೇ ನಿಂತು ನೆಲದ ಕಡೆ ಬೆರಳು ತೋರಿಸಿದಳು. ಚಿನ್ನಿ ಬರಿಯ ಚಾಪೆಯ ಮೇಲೆ, ಯಾರೂ ತೂಗದೆ, ಬಾಯಿ ತೆರೆದು ನಿದ್ದೆ ಹೋಗಿದ್ದಳು.

ನಾನು ಬೆರಗಾಗಿ ಮಾತು ನಿಲ್ಲಿಸಿದೆ. ಚಿನ್ನಿಯ ತುಟಿ ಅಳುವಿಗೆ ಸೊಟ್ಟಗಾಯಿತು. ಮಂಜುಳಾ ಅವಳನ್ನೂ ನನ್ನನ್ನೂ ನೋಡಿದಳು. "ಅಪ್ಪಾ, ನೀನು ಯಾವಾಗ್ಲೂ ಎಲ್ಡೂ ಒಟ್ಗೆ ಮಾಡ್ತೀಯ. ಲೈನಲ್ಲಿ ಪೀಸು ಫೇಲಾದ್ರೆ ನಾವು ಒಂದೊಂದೇ ಬದಲಾಯ್ಸಿ ನೋಡೋದು. ತೂಗೋದ್ ಬುಟ್ಬುಡು, ಬರೀ ಮಾತಾಡು" ಎಂದಳು. ನಾನು ಒಪ್ಪಲಿಲ್ಲ. ಅದು ಬಿದ್ದ ಹೆದರಿಕೆಯ ನಿದ್ದೆ ಎಂದೆ. ಜೋಲಿ ಕೆಳಗಿಳಿಯುವಾಗ ಸಿಕ್ಕ ವಿಶ್ರಾಂತಿಯ ಪರಿಣಾಮ ಇರಬಹುದು ಎಂದೆ. ನನ್ನ ಸಿದ್ಧಾಂತ ಕೈಬಿಟ್ಟು ಹೋಗುತ್ತಿತ್ತು, ಯಾರಿಗಾದರೂ ಹೊಟ್ಟೆ ಉರಿಯುವುದಿಲ್ಲವೇ? ಆದರೆ ಮಂಜುಳಾ ಕೇಳಲಿಲ್ಲ. ಮಾರನೆಯ ದಿನ ಸ್ಪ್ರಿಂಗು ಬದಲಾಯಿಸಿ, ಬಾಯಿ ಮುಚ್ಚಿಕೊಂಡು ಬರೀ ತೂಗಲು ಹೇಳಿದಳು. ತೂಗಿದೆ. ಚಿನ್ನಿ ಕೇರಿ ಕೂಡಿಸಿದಳು. ಆಮೇಲೆ ಚಾಪೆಯಲ್ಲಿ ಹಾಕಿ ಬರೀ ಮಾತಾಡಲು ಹೇಳಿದಳು. ಮನಸ್ಸಿಲ್ಲದ ಮನಸ್ಸಿನಿಂದ ಜಡತ್ವದ ವ್ಯಾಖ್ಯೆಯಿಂದ ಶುರುಮಾಡಿದೆ. ಉದಾಹರಣೆಗೆ ಬರುವ ಮೊದಲೇ ಚಿನ್ನಿಯ ರೆಪ್ಪೆ ಇಳಿಯಿತು.

ಬಸ್ಸಿನಲ್ಲಿ ಎದ್ದದ್ದು ನುಣುಪು ರಸ್ತೆ ಬಂತೆಂದಲ್ಲ, ನಾನು ಬಾಯಿ ಮುಚ್ಚಿದೆನೆಂದು. ಬ್ಯಾಟರಿ ತೊಟ್ಟಿಲು ಸೋತದ್ದೂ ಅದಕ್ಕೇ. ಇಷ್ಟು ತಿಂಗಳು ನನ್ನ ರಟ್ಟೆ ಸುಮ್ಮಸುಮ್ಮನೆ ಬಿದ್ದುಹೋಗಿತ್ತು. ಪಾರ್ವತಿ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳ ಜೊತೆ ಅವಳೂ ಕುಲುಕುತ್ತಿದ್ದುದು ಕೇಳಿಸಿತು. ಮಂಜುಳಾ ನಗಲಿಲ್ಲ. ಫೋನಿನಲ್ಲಿ ಬರೆದಿಟ್ಟಿದ್ದ ರಾಜೀನಾಮೆಯನ್ನು ಅಳಿಸಿ, ರೆಕಾರ್ಡಿಂಗ್ ಒತ್ತಿ ನನ್ನ ಮುಂದೆ ಹಿಡಿದು, ಮೊದಲಿನಿಂದ ಪಾಠ ಹೇಳಲು ಹೇಳಿದಳು. ಅವಳ ಕಣ್ಣು ತುಂಬಿತ್ತು. ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡು ಚೌಕಟ್ಟುಗಳ ಪಾಠವನ್ನು ಆದಿಯಿಂದ ಅಂತ್ಯದವರೆಗೆ ಹೇಳಿದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಸೇವೆಯಲ್ಲಿದ್ದಾಗಲೂ ಅಷ್ಟು ಚೆನ್ನಾಗಿ ಪಾಠ ಮಾಡಿದ ನೆನಪಿಲ್ಲ.

ಯುಗಾದಿ ಕಳೆದು ಮಂಜುಳಾ ಕೆಲಸಕ್ಕೆ ಸೇರಿದಳು. ಚಿನ್ನಿಯ ಮಂಚದ ತಲೆದೆಸೆಯಲ್ಲಿ ಹಳೆಯ ಫೋನೊಂದು ನನ್ನ ದನಿಯಲ್ಲಿ ವೇಗೋತ್ಕರ್ಷ ಹೇಳುತ್ತದೆ, ಅವಳು ಅಲುಗದ ಮಂಚದಲ್ಲಿ ಮಲಗುತ್ತಾಳೆ. ಅವಳೊಬ್ಬಳೇ ಅಲ್ಲ, ಸಾಲಿಗೆ ಸಾಲೇ ಮಲಗುತ್ತದಂತೆ. ಕನ್ನಡ ತಿಳಿಯದ ಮನೆಯ ಕೂಸುಗಳೂ ಮಲಗುತ್ತವಂತೆ. ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಇನ್ನೊಂದು ಪಾಠ ಹೇಳಿ ಕಳಿಸಬೇಕು, ಇದು ಮುಗಿದ ಕೂಡಲೇ ಒಂದೆರಡು ಏಳುತ್ತವೆ ಎಂದು ಆಯಾ ಹೇಳಿ ಕಳಿಸಿದ್ದಾರೆ. ಮಗಳ ಕೆಲಸ ಉಳಿಯಿತಲ್ಲ, ಅದು ಸಾಕು. ಆದರೂ ಕುಳಿತಾಗ ನನ್ನ ಪ್ಲಸ್ ಒನ್ ಮಕ್ಕಳೆಲ್ಲ ಕಣ್ಣ ಮುಂದೆ ಬರುತ್ತಾರೆ. ಊಟದ ನಂತರದ ಪೀರಿಯಡ್ಡಿನ ಮೇಲೆ ತಪ್ಪು ಹೊರಿಸಿ ನಾನು ಎಷ್ಟು ನೆಮ್ಮದಿಯಾಗಿದ್ದೆ.

ಇದನ್ನೆಲ್ಲ ಬರೆದು ಮುಗಿಸಿ ನಿನ್ನೆ ಮಧ್ಯಾಹ್ನ ಪಾರ್ವತಿಗೆ ಓದಿ ಹೇಳಿದೆ. ಕೇಳಿ ನಗುತ್ತಾಳೆ ಎಂದು ಆಸೆ. ಹುಣಿಸೆಮರದ ಮಾತಿಗೆ ನಕ್ಕಳು. ಮುಂದಿನದಕ್ಕೆ ಸದ್ದಿಲ್ಲ. ತಲೆಯೆತ್ತಿ ನೋಡಿದರೆ ಗೋಡೆಗೊರಗಿದವಳು ಹಾಗೇ ಜಾರಿ ಚಾಪೆಗೆ ಇಳಿದಿದ್ದಾಳೆ. ಮೊದಲು ಕೋಪ ಬಂತು, ಇವಳೂನಾ ಎಂದು. ಆಮೇಲೆ ನೋಡಿದೆ, ಹೊರಳಲಾಗದು ಎನ್ನುತ್ತಿದ್ದ ಆ ಬಲಮಗ್ಗುಲಿಗೇ ತಿರುಗಿ ಮಲಗಿದ್ದಾಳೆ, ಮುಖದಲ್ಲಿ ನೋವಿಲ್ಲ. ಭುಜ ಹಿಡಿದುಕೊಂಡಾಗಿನಿಂದ ಅವಳು ಹೀಗೆ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕೈಯಲ್ಲಿದ್ದ ಹಾಳೆ ಮುಗಿಯುತ್ತಾ ಬಂದಿತ್ತು. ನಿಲ್ಲಿಸಿದರೆ ಎದ್ದುಬಿಡುತ್ತಾಳೆ. ಅದಕ್ಕೆ ನಡುವೆ ಎಲ್ಲೂ ತಡೆಯದೆ, ದನಿ ಏರಿಳಿಸದೆ, ಜಡತ್ವದ ವ್ಯಾಖ್ಯೆಯಿಂದ ಪಾಠ ಶುರುಮಾಡಿದೆ. ಕೇಳುವವರು ಏಳದಿರಲಿ ಎಂದುಕೊಂಡು ನಾನು ಪಾಠ ಮಾಡಿದ್ದು ಇದೇ ಮೊದಲು.